ಇಂಗ್ಲೆಂಡಿನ ಹಳ್ಳಿ ದಾರಿಯಲ್ಲಿ ಹಳೇ ಬಸ್ ಸವಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು, ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವ ಅಪ್ಪ ಅಮ್ಮಂದಿರು, ಬಸ್ಸು ಅಂದ್ರೆ ಎದ್ದು ಕೂರುವ ನನ್ನಂಥವರು ಈ ವಿಷಯದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವುಗಳಿಗೆ ಇಲ್ಲಿ ಉತ್ತರಗಳಿವೆ.

ಇದೇನು, ಬಸ್ ಮ್ಯೂಸಿಯಮ್ಮಾ?

ಅಲ್ಲ. ಮ್ಯೂಸಿಯಮ್ಮಿನಲ್ಲಿ ಬಸ್ಸು ನಿಂತಿರುತ್ತದೆ, ನೀವು ಸುತ್ತು ಬರುತ್ತೀರಿ. ಇಲ್ಲಿ ಬಸ್ಸು ಓಡುತ್ತದೆ, ನೀವು ಒಳಗೆ ಕೂತಿರುತ್ತೀರಿ. ಇದಕ್ಕೆ ಅಲ್ಲಿ ‘ರನ್ನಿಂಗ್ ಡೇ’ ಅಂತಾರೆ. ವರ್ಷಕ್ಕೆ ಒಂದು ದಿನವೋ ಎರಡು ದಿನವೋ ಒಂದು ಸಣ್ಣ ಪಟ್ಟಣಕ್ಕೆ ಹತ್ತಾರು ಹಳೇ ಬಸ್ಸುಗಳು ಬಂದು ಸೇರುತ್ತವೆ. ಅಲ್ಲಿಂದ ಸುತ್ತಲ ಹಳ್ಳಿಗಳಿಗೆ ವೇಳಾಪಟ್ಟಿ ಪ್ರಕಾರ ಹೋಗಿ ಬರುತ್ತವೆ. ಸಾಮಾನ್ಯ ಪ್ರಯಾಣಿಕರ ಹಾಗೆ ಹತ್ತಬಹುದು, ಇಳಿಯಬಹುದು, ಚಹಾ ಕುಡಿದು ಮುಂದಿನ ಬಸ್ಸು ಹಿಡಿಯಬಹುದು.

ಬಸ್ಸುಗಳು ಯಾರವು? ಸರ್ಕಾರದ್ದಾ?

ಬಹುಪಾಲು ಸರ್ಕಾರದ್ದಲ್ಲ. ಕೆಲವು ಟ್ರಸ್ಟುಗಳ ಕೈಯಲ್ಲಿವೆ, ಕೆಲವು ಮ್ಯೂಸಿಯಮ್ಮುಗಳ ಕೈಯಲ್ಲಿ. ಉಳಿದವು ಖಾಸಗಿ ಜನರದ್ದು. ನಾಲ್ಕು ಗೆಳೆಯರು ದುಡ್ಡು ಹಾಕಿ ಒಂದು ಬಸ್ಸು ಕೊಳ್ಳುವುದು ಅಲ್ಲಿ ಮಾಮೂಲಿ. ಬಸ್ಸು ಕೊಳ್ಳುವುದು ಸುಲಭ, ಅದನ್ನು ನಿಲ್ಲಿಸಲು ಜಾಗ ಹುಡುಕುವುದು ಕಷ್ಟ. ಹಾಗಾಗಿ ಎಷ್ಟೋ ಬಸ್ಸುಗಳು ಯಾವುದೋ ರೈತರ ಕೊಟ್ಟಿಗೆಯಲ್ಲಿ ಚಳಿಗಾಲ ಕಳೆಯುತ್ತವೆ. ಡ್ರೈವರುಗಳಲ್ಲಿ ನಿವೃತ್ತ ಡ್ರೈವರುಗಳಿರುತ್ತಾರೆ, ಎಂಜಿನಿಯರುಗಳಿರುತ್ತಾರೆ, ಮೇಷ್ಟ್ರುಗಳೂ ಇರುತ್ತಾರೆ. ಯಾರಿಗೂ ಸಂಬಳ ಇಲ್ಲ.

ಎಷ್ಟು ಹಳೇ ಬಸ್ಸುಗಳು?

ಹೆಚ್ಚಿನವು 1940ರಿಂದ 1980ರ ನಡುವಿನವು. ಅದಕ್ಕಿಂತ ಹಳೆಯವೂ ಇವೆ, ಆದರೆ ಅವು ದೂರ ಓಡುವುದು ಕಡಿಮೆ. ಈಗೀಗ 1990ರ ದಶಕದ ಬಸ್ಸುಗಳೂ ಈ ಸಾಲಿಗೆ ಬಂದು ನಿಲ್ಲುತ್ತಿವೆ. ಹಳಬರು ಅದನ್ನು ನೋಡಿ ಮೂಗು ಮುರಿಯುತ್ತಾರೆ. ಆದರೆ ಇವತ್ತು ಮೂವತ್ತು ವಯಸ್ಸಿನವರು ಶಾಲೆಗೆ ಹೋಗಿದ್ದು ಅದೇ ಬಸ್ಸಿನಲ್ಲಿ ತಾನೆ? ಅವರ ನೆನಪಿಗೂ ಒಂದು ಜಾಗ ಬೇಕಲ್ವಾ?

ಲಂಡನ್ನಿನಲ್ಲೇ ಕೆಂಪು ಡಬಲ್ ಡೆಕ್ಕರ್ ಇದೆಯಲ್ಲ, ಹಳ್ಳಿಗೆ ಯಾಕೆ ಹೋಗಬೇಕು?

ಊರೊಳಗೆ ಹಳೇ ಬಸ್ಸು ಬರೀ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುತ್ತದೆ. ಅದರ ಗುಣ ಗೊತ್ತಾಗಬೇಕಾದರೆ ಏರು ಬೇಕು, ಇಳಿಜಾರು ಬೇಕು, ಎದುರಿಗೆ ಟ್ರ್ಯಾಕ್ಟರ್ ಬಂದಾಗ ಹಿಂದೆ ಸರಿಯಬೇಕಾದ ಕಿರಿದಾದ ದಾರಿ ಬೇಕು. ಈ ಬಸ್ಸುಗಳನ್ನು ಕಟ್ಟಿದ್ದೇ ಆ ದಾರಿಗಳನ್ನು ನೋಡಿಕೊಂಡು.

1950ರವರೆಗೆ ಇಂಗ್ಲೆಂಡಿನ ಹೆಚ್ಚಿನ ಬಸ್ಸುಗಳ ಅಗಲ 7 ಅಡಿ 6 ಅಂಗುಲ. ಆಮೇಲೆ 8 ಅಡಿ ಮಾಮೂಲಿಯಾಯಿತು. ಆರು ಅಂಗುಲದಲ್ಲಿ ಏನಿದೆ ಅಂತ ಅನ್ನಿಸಬಹುದು. ಡೆವನ್ ಕಡೆಯ ದಾರಿಯಲ್ಲಿ ಹೋಗಿ ನೋಡಿ. ಎರಡೂ ಕಡೆ ಆಳೆತ್ತರದ ಮಣ್ಣಿನ ದಿಣ್ಣೆ, ಅದರ ಮೇಲೆ ಪೊದೆ. ಮಲೆನಾಡಿನಲ್ಲಿ ಧರೆ ಕಡಿದು ಮಾಡಿದ ರಸ್ತೆ ನೋಡಿದವರಿಗೆ ತಟ್ಟನೆ ಅರ್ಥವಾಗುತ್ತದೆ. ಹಳೇ ಬಸ್ಸು ಎರಡೂ ಕಡೆ ಎಲೆ ಸವರಿಕೊಂಡು ನುಗ್ಗುತ್ತದೆ. ಹೊಸ ಬಸ್ಸು ಅಲ್ಲಿ ಕನ್ನಡಿ ಕಳೆದುಕೊಳ್ಳುತ್ತದೆ.

ಇನ್ನೊಂದು ಕಾರಣವೂ ಇದೆ. 1985ರ ಸಾರಿಗೆ ಕಾನೂನಿನಿಂದಾಗಿ 1986ರ ಅಕ್ಟೋಬರ್ 26ರಂದು ಲಂಡನ್ನಿನ ಹೊರಗೆ ಬಸ್ ವ್ಯವಹಾರ ಖಾಸಗಿ ಪೈಪೋಟಿಗೆ ತೆರೆದುಕೊಂಡಿತು. ಕಾರು ಬಂದು ಮೊದಲೇ ಪ್ರಯಾಣಿಕರು ಕಡಿಮೆಯಾಗಿದ್ದರು. ಲಾಭ ಇಲ್ಲದ ಹಳ್ಳಿ ದಾರಿಗಳು ಸ್ಥಳೀಯ ಆಡಳಿತ ಕೊಡುವ ದುಡ್ಡಿನ ಮೇಲೆ ನಿಂತವು. ಆ ದುಡ್ಡು ಕಡಿಮೆಯಾದಾಗ ಬಸ್ಸೂ ನಿಂತಿತು. ಇವತ್ತು ಎಷ್ಟೋ ಹಳ್ಳಿಗಳಲ್ಲಿ ಬಸ್ ಸ್ಟಾಪಿನ ತಂಗುದಾಣ ಇದೆ, ಬಸ್ಸಿಲ್ಲ. ರನ್ನಿಂಗ್ ಡೇ ದಿನ ಅಲ್ಲಿಗೆ ಮತ್ತೆ ಬಸ್ಸು ಬರುತ್ತದೆ. ಹಳ್ಳಿಯವರು ಬಾಗಿಲಿಗೆ ಬಂದು ಕೈ ಬೀಸುತ್ತಾರೆ. ಕೆಲವರು ಹತ್ತಿ ಪೇಟೆಗೂ ಹೋಗಿ ಬರುತ್ತಾರೆ.

ಮೊದಲ ಸಲಕ್ಕೆ ಎಲ್ಲಿಗೆ ಹೋಗುವುದು ಒಳ್ಳೆಯದು?

ಲಂಡನ್ನಿನಲ್ಲಿ ಇದ್ದರೆ ಎಪ್ಪಿಂಗ್. ಟ್ಯೂಬ್ ಅನ್ನುವ ಲಂಡನ್ ಮೆಟ್ರೋದ ಸೆಂಟ್ರಲ್ ಲೈನಿನ ಕೊನೇ ನಿಲ್ದಾಣ. ಅಲ್ಲಿಂದ ಮುಂದೆ ಆಂಗರ್‌ವರೆಗೂ ಮೊದಲು ಟ್ಯೂಬ್ ರೈಲು ಇತ್ತು, 1994ರ ಸೆಪ್ಟೆಂಬರ್ 30ಕ್ಕೆ ನಿಂತುಹೋಯಿತು. ಈಗ ಅದೇ ಹಳಿಯ ಮೇಲೆ ಎಪ್ಪಿಂಗ್ ಆಂಗರ್ ರೈಲ್ವೆ ಅನ್ನುವ ಪಾರಂಪರಿಕ ರೈಲು ಓಡುತ್ತದೆ. ಆದರೆ ಆ ರೈಲು ಎಪ್ಪಿಂಗ್ ಟ್ಯೂಬ್ ನಿಲ್ದಾಣದ ತನಕ ಬರುವುದಿಲ್ಲ. ನಡುವಿನ ಜಾಗ ತುಂಬಲು 339 ಅನ್ನುವ ಹಳೇ ಬಸ್ಸಿನ ಮಾರ್ಗ ಇಟ್ಟಿದ್ದಾರೆ. ಎಪ್ಪಿಂಗ್, ನಾರ್ತ್ ವೀಲ್ಡ್, ಆಂಗರ್, ಅಲ್ಲಿಂದ ಶೆನ್‌ಫೀಲ್ಡ್. ಎಸೆಕ್ಸ್‌ನ ಹೊಲಗಳ ನಡುವಿನ ದಾರಿ. ಬಸ್ಸು, ರೈಲು ಎರಡೂ ಒಂದೇ ದಿನದಲ್ಲಿ ಆಗುತ್ತವೆ. ರೈಲು ಓಡುವ ದಿನಗಳನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ಎರಡು ದಿನ ಸಿಗುವುದಾದರೆ ಐಲ್ ಆಫ್ ವೈಟ್. ರೈಡ್ ಊರಿನ ಬಸ್ ಮ್ಯೂಸಿಯಮ್ಮಿನವರು ಅಕ್ಟೋಬರಿನ ಒಂದು ವಾರಾಂತ್ಯದಲ್ಲಿ ಇಡೀ ದ್ವೀಪಕ್ಕೆ ಹಳೇ ಬಸ್ಸು ಬಿಡುತ್ತಾರೆ. ಬಸ್ಸುಗಳು ಹಳ್ಳಿ ಪಬ್ಬುಗಳ ಮುಂದೆ ನಿಲ್ಲುತ್ತವೆ. ಇಳಿದು ಒಂದು ಲೋಟ ಬಿಯರೋ ಜ್ಯೂಸೋ ಕುಡಿದು ಮತ್ತೆ ಹತ್ತಬಹುದು. ದ್ವೀಪ ಅಗಲದಲ್ಲಿ 23 ಮೈಲಿ ಅಷ್ಟೇ, ಆದರೆ ದಾರಿ ಒಂದು ಕಡೆಯೂ ನೆಟ್ಟಗಿಲ್ಲ. ಪೋರ್ಟ್ಸ್‌ಮತ್‌ನಿಂದ ಹಡಗಿದೆ, ಪಕ್ಕದ ಸೌತ್‌ಸೀಯಿಂದ ನೀರಿನ ಮೇಲೆ ಗಾಳಿಯ ಮೆತ್ತೆಯಲ್ಲಿ ತೇಲಿ ಓಡುವ ಹೋವರ್‌ಕ್ರಾಫ್ಟೂ ಇದೆ. ಮಕ್ಕಳಿದ್ದರೆ ಎರಡನೆಯದರಲ್ಲಿ ಹೋಗಿ.

ಡೆವನ್‌ನ ಕಿಂಗ್ಸ್‌ಬ್ರಿಡ್ಜ್‌ನಲ್ಲಿ ಸೆಪ್ಟೆಂಬರಿನಲ್ಲಿ ನಡೆಯುವುದು ದಾರಿಯ ಇಕ್ಕಟ್ಟಿಗೆ ಹೆಸರಾದದ್ದು. ಉತ್ತರದಲ್ಲಿ ಕಂಬ್ರಿಯಾದ ಕರ್ಕ್‌ಬಿ ಸ್ಟೀಫನ್‌ನಲ್ಲಿ ಈಸ್ಟರ್ ವಾರಾಂತ್ಯಕ್ಕೆ ನಡೆಯುತ್ತದೆ. ಬೆಟ್ಟ, ಕುರಿ, ಕಲ್ಲಿನ ಗೋಡೆ, ಚಳಿ. ನನಗೆ ಉತ್ತರದ್ದೇ ಇಷ್ಟ. ಆದರೆ ಈಸ್ಟರ್‌ನಲ್ಲಿ ಅಲ್ಲಿ ಹಿಮ ಬಿದ್ದರೂ ಆಶ್ಚರ್ಯ ಇಲ್ಲ.

ಇಂಬರ್ ಬಸ್ಸಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ಅಂಥದ್ದೇನು ಅಲ್ಲಿ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

ವಿಲ್ಟ್‌ಶೈರ್‌ನ ಸಾಲಿಸ್‌ಬರಿ ಬಯಲಿನ ಮಧ್ಯೆ ಇಂಬರ್ ಅನ್ನುವ ಹಳ್ಳಿ ಇತ್ತು. ಯಾವ ಪಟ್ಟಣಕ್ಕೂ ಏಳು ಮೈಲಿ ದೂರ ಅಂತ ಆ ಕಡೆಯವರು ಪ್ರಾಸ ಕಟ್ಟಿ ಹೇಳುತ್ತಿದ್ದರು. ಸುತ್ತಲ ಜಮೀನನ್ನು ಸೈನ್ಯ ಮೊದಲೇ ಕೊಂಡುಕೊಂಡಿತ್ತು. 1943ರ ನವೆಂಬರ್ 1ರಂದು ಹಳ್ಳಿಯವರನ್ನು ಶಾಲೆಗೆ ಕರೆದು 47 ದಿನದಲ್ಲಿ ಊರು ಬಿಡಬೇಕು ಅಂತ ಹೇಳಿದರು. ಯೂರೋಪಿನ ಮೇಲೆ ದಾಳಿಗೆ ತಯಾರಾಗುತ್ತಿದ್ದ ಅಮೆರಿಕದ ಸೈನಿಕರಿಗೆ ಬೀದಿ ಕಾಳಗದ ತರಬೇತಿಗೆ ಜಾಗ ಬೇಕಿತ್ತು. ಕ್ರಿಸ್‌ಮಸ್‌ಗೆ ಮೊದಲೇ ಊರು ಖಾಲಿ. ಯುದ್ಧ ಮುಗಿದ ಮೇಲೆ ವಾಪಸ್ ಬರಬಹುದು ಅಂತ ಜನ ನಂಬಿದ್ದರು. ಬಿಡಲಿಲ್ಲ. 1961ರಲ್ಲಿ ಸಾವಿರಾರು ಜನ ಅಲ್ಲಿಗೆ ನುಗ್ಗಿ ಪ್ರತಿಭಟನೆ ಮಾಡಿದರು. ಆಗಲೂ ಬಿಡಲಿಲ್ಲ. ಇವತ್ತಿಗೂ ಅದು ಸೈನ್ಯದ ಜಾಗ. ವರ್ಷದಲ್ಲಿ ಕೆಲವೇ ದಿನ ರಸ್ತೆ ತೆರೆಯುತ್ತಾರೆ.

ಆ ದಿನಗಳಲ್ಲಿ ಒಂದು, ಆಗಸ್ಟ್ ತಿಂಗಳ ಒಂದು ಶನಿವಾರ, ಇಂಬರ್ ಬಸ್ಸಿನದ್ದು. 2009ರಲ್ಲಿ ಶುರುವಾಯಿತು. ಪಬ್ಬಿನಲ್ಲಿ ಕೂತ ಬಸ್ ಉದ್ಯಮದ ಗೆಳೆಯರು, ಇರುವುದರಲ್ಲೇ ಅತಿ ವಿಚಿತ್ರವಾದ ಜಾಗಕ್ಕೆ ಬಸ್ಸು ಬಿಡೋಣ ಅಂತ ಮಾತಾಡಿಕೊಂಡಿದ್ದರಿಂದ. ಅವರಲ್ಲಿ ಪೀಟರ್ ಹೆಂಡಿಯೂ ಒಬ್ಬರು. ಆಗ ಅವರು ಲಂಡನ್ನಿನ ಇಡೀ ಸಾರಿಗೆಗೆ ಮುಖ್ಯಸ್ಥರು, ಆಮೇಲೆ ರೈಲ್ವೆ ಸಚಿವರೂ ಆದರು. ಸ್ವಂತ ರೂಟ್‌ಮಾಸ್ಟರ್ ಬಸ್ಸಿದೆ (ಲಂಡನ್ನಿನ ಹಳೇ ಡಬಲ್ ಡೆಕ್ಕರ್), ಆ ದಿನ ತಾವೇ ಓಡಿಸುತ್ತಾರೆ. ಒಂದು ದೇಶದ ಸಾರಿಗೆ ದೊರೆ ಡ್ರೈವರ್ ಸೀಟಿನಲ್ಲಿ ಕೂತು ಜನರನ್ನು ಹಾಳೂರಿಗೆ ಕರೆದೊಯ್ಯುವುದು ಬೇರೆ ಕಡೆ ಸಿಗಲಿಕ್ಕಿಲ್ಲ.

ಮಾರ್ಗದ ನಂಬರ್ 23ಎ. ವಾರ್ಮಿನ್‌ಸ್ಟರ್ ರೈಲು ನಿಲ್ದಾಣದ ಮುಂದೆ ಹತ್ತಬೇಕು. ಇಪ್ಪತ್ತಕ್ಕೂ ಹೆಚ್ಚು ಬಸ್ಸು, ಬಹುಪಾಲು ಲಂಡನ್ನಿನ ಕೆಂಪು ರೂಟ್‌ಮಾಸ್ಟರುಗಳು. ಊರು ದಾಟಿ ಬಯಲು ಹತ್ತಿದ ಮೇಲೆ ಮನೆ ಇಲ್ಲ, ಬೇಲಿ ಇಲ್ಲ. ಹುಲ್ಲು, ಸುಣ್ಣದ ಬಿಳಿ ಮಣ್ಣು, ಅಲ್ಲಲ್ಲಿ ತುಕ್ಕು ಹಿಡಿದ ಟ್ಯಾಂಕು. ಅದರ ನಡುವೆ ಸಾಲಾಗಿ ಕೆಂಪು ಡಬಲ್ ಡೆಕ್ಕರ್. ಇಂಬರ್‌ನಿಂದ ಮುಂದೆ ಟಿಲ್ಸ್‌ಹೆಡ್, ಚಿಟರ್ನ್, ಮಾರ್ಕೆಟ್ ಲ್ಯಾವಿಂಗ್ಟನ್ ಕಡೆಗೂ ಬಸ್ಸುಗಳಿವೆ. ನ್ಯೂಜಿಲೆಂಡ್ ಫಾರ್ಮ್ ಅಂತ ಬೋರ್ಡು ಹಾಕಿದ ಬಸ್ಸೂ ಬರುತ್ತದೆ. ಅಲ್ಲಿ ನೋಡಲು ಹೆಚ್ಚೇನಿಲ್ಲ. ಬಸ್ಸಿನ ಮೇಲೆ ಆ ಹೆಸರು ನೋಡುವುದಕ್ಕೇ ಜನ ಹತ್ತುತ್ತಾರೆ.

ಇಂಬರ್‌ನಲ್ಲಿ ಇಳಿದು ಏನು ಮಾಡಬೇಕು?

ಸೇಂಟ್ ಜೈಲ್ಸ್ ಚರ್ಚಿಗೆ ಹೋಗಿ. 13ನೇ ಶತಮಾನದ್ದು. ಊರಲ್ಲಿ ಗುಂಡೇಟಿನಿಂದ ಉಳಿಸಿಕೊಂಡ ಕಟ್ಟಡ ಇದೊಂದೇ ಅನ್ನಬಹುದು, ಈಗ ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ. ಒಳಗೆ ಗಂಟೆ ಬಾರಿಸುವ ಕ್ರಮವನ್ನು 17ನೇ ಶತಮಾನದಲ್ಲಿ ಗೋಡೆ ಮೇಲೆ ಬರೆದಿಟ್ಟಿದ್ದಾರೆ, ತಪ್ಪದೆ ನೋಡಿ. ಬಸ್ಸಿನ ದುಡ್ಡಿನಲ್ಲಿ ಒಂದು ಪಾಲು ಈ ಚರ್ಚಿಗೆ, ಒಂದು ಪಾಲು ಮಾಜಿ ಸೈನಿಕರ ಸಂಸ್ಥೆಗೆ ಹೋಗುತ್ತದೆ.

ಮಿಕ್ಕ ಮನೆಗಳು ಕಿಟಕಿ ಬಾಗಿಲಿಲ್ಲದ ಗೋಡೆಗಳು. ಕೆಲವು ನಿಜವಾದ ಹಳ್ಳಿ ಮನೆಗಳೇ ಅಲ್ಲ, ಆಮೇಲೆ ತರಬೇತಿಗೆ ಅಂತ ಸೈನ್ಯ ಕಟ್ಟಿದ ಕಾಂಕ್ರೀಟ್ ಪೆಟ್ಟಿಗೆಗಳು. ರಸ್ತೆ ಬಿಟ್ಟು ಹುಲ್ಲಿಗೆ ಇಳಿಯಬೇಡಿ, ಮನೆಗಳ ಒಳಗೆ ಹೋಗಬೇಡಿ. ಸಿಡಿಯದೆ ಉಳಿದ ಗುಂಡುಗಳಿವೆ ಅನ್ನುವ ಬೋರ್ಡುಗಳು ಸುಮ್ನೆ ಹಾಕಿದ್ದಲ್ಲ.

ಹತ್ತಾರು ಬಸ್ಸಿನಲ್ಲಿ ಯಾವುದನ್ನು ಹತ್ತಲಿ?

ಎಲ್ಲರೂ ಡಬಲ್ ಡೆಕ್ಕರಿನ ಹಿಂದೆ ಓಡುತ್ತಾರೆ. ನೀವು ಚಿಕ್ಕ ಬಸ್ಸು ಹುಡುಕಿ. ಹಳ್ಳಿ ದಾರಿಯ ನಿಜವಾದ ಬಸ್ಸು ಚಿಕ್ಕದೇ.

ಬೆಡ್‌ಫರ್ಡ್ ಓಬಿ ಕಂಡರೆ ಬಿಡಬೇಡಿ. ಮುಂದೆ ದುಂಡು ಮೂತಿ, ಹಿಂದೆ ಇಳಿಜಾರು ಬೆನ್ನು, 29 ಸೀಟು, ಪೆಟ್ರೋಲ್ ಎಂಜಿನ್. 1939ರಿಂದ 1951ರ ನಡುವೆ 12,000ಕ್ಕೂ ಜಾಸ್ತಿ ಕಟ್ಟಿದರು. ಯುದ್ಧ ಮುಗಿದ ಮೇಲೆ ಸಣ್ಣ ಊರುಗಳ ಬಸ್ ಮಾಲೀಕರು ಸಾಲು ನಿಂತು ಕೊಂಡದ್ದು ಇದನ್ನೇ. ಇದರ ಗೇರ್ ಬಾಕ್ಸ್ ಹಾಡುತ್ತದೆ. ಏರಿನಲ್ಲಿ ಆ ಕೀಚಲು ರಾಗ ಒಂದು ಸಲ ಕೇಳಿದವರು ಆಮೇಲೆ ಕಣ್ಣು ಮುಚ್ಚಿಕೊಂಡೇ ಈ ಬಸ್ಸನ್ನು ಗುರುತಿಸುತ್ತಾರೆ.

ಲಂಡನ್ ಸುತ್ತಮುತ್ತಲ ಹಳ್ಳಿಗಳಿಗೆ ಹೋಗುತ್ತಿದ್ದ ಹಸಿರು ಬಸ್ಸುಗಳಲ್ಲಿ ಗೈ ಜಿಎಸ್ ಅನ್ನುವುದೊಂದಿದೆ. 26 ಸೀಟು. 1953ರಲ್ಲಿ 84 ಮಾತ್ರ ಕಟ್ಟಿದರು. ಕಂಡಕ್ಟರ್ ಇಟ್ಟರೆ ಗಿಟ್ಟದ ದಾರಿಗಳಿಗೆ, ಡ್ರೈವರೇ ಟಿಕೆಟ್ ಕೊಡಲಿ ಅಂತ. ರೇಡಿಯೇಟರ್ ಮೇಲೆ ಗರಿ ಮುಡಿದ ರೆಡ್ ಇಂಡಿಯನ್ ನಾಯಕನ ತಲೆ ಇರುತ್ತದೆ, ಅದು ಗೈ ಕಂಪನಿಯ ಗುರುತು. ಅದರ ಅಣ್ಣ ಆರ್‌ಎಫ್, 700 ಬಂದವು, ಈಗಲೂ ರನ್ನಿಂಗ್ ಡೇಗಳಲ್ಲಿ ಧಾರಾಳವಾಗಿ ಸಿಗುತ್ತವೆ.

ಮೂರನೆಯದು ಬ್ರಿಸ್ಟಲ್ ಎಲ್. ಡ್ರೈವರಿಗೆ ಮುಂದೆ ಬಲಗಡೆ ಒಂದು ಗೂಡು, ಎಡಗಡೆ ಎಂಜಿನ್. ಎಂಜಿನ್ ಮ್ಯಾಂಚೆಸ್ಟರ್ ಹತ್ತಿರದ ಗಾರ್ಡ್ನರ್ ಕಂಪನಿಯದ್ದಾದರೆ, ಅದರಲ್ಲೂ ಐದು ಸಿಲಿಂಡರಿನದ್ದಾದರೆ, ನಿಂತಲ್ಲೇ ಇಡೀ ಬಸ್ಸು ನಡುಗುತ್ತದೆ. ಕಿಟಕಿ ಗಡಗಡ, ಸೀಟು ಗಡಗಡ, ನಿಮ್ಮ ಹಲ್ಲೂ ಗಡಗಡ. 7 ಲೀಟರಿನ ಎಂಜಿನ್ನಿಗೆ 85 ಅಶ್ವಶಕ್ತಿ ಅಷ್ಟೇ. ಇವತ್ತಿನ ಸಣ್ಣ ಕಾರಿಗೂ ಅಷ್ಟಿರುತ್ತದೆ. ಆದರೆ ಅದು ಕೆಡುತ್ತಿರಲಿಲ್ಲ, ಡೀಸೆಲ್ ಕಡಿಮೆ ಕುಡಿಯುತ್ತಿತ್ತು. ಬಸ್ ಕಂಪನಿಗಳಿಗೆ ಬೇಕಿದ್ದದ್ದೂ ಅಷ್ಟೇ.

ಎಲ್ಲಿ ಕೂರಬೇಕು?

ಡಬಲ್ ಡೆಕ್ಕರಿನಲ್ಲಿ ಮೇಲಿನ ಮುಂದಿನ ಸೀಟು ಖಾಲಿ ಸಿಗುವುದಿಲ್ಲ, ಅದರ ಆಸೆ ಬಿಡಿ. ಕೆಳಗಡೆ ಮುಂದಿನ ಎಡಗಡೆ ಸೀಟಿಗೆ ಹೋಗಿ. ಗಾಜಿನ ಆಚೆ ಎಂಜಿನ್ ಮುಚ್ಚಳ ನಡುಗುವುದು, ಬಲಕ್ಕೆ ಡ್ರೈವರ್ ಗೇರ್ ಜೊತೆ ಗುದ್ದಾಡುವುದು ಎರಡೂ ಕಾಣುತ್ತದೆ. ಎಂಜಿನ್ ಬಿಸಿಯೂ ಅಲ್ಲೇ ಇರುವುದರಿಂದ ಕಾಲಿಗೆ ಬೆಚ್ಚಗೆ.

ಏರು ಬಂದಾಗ ಬಸ್ಸು ಒಂದು ಕ್ಷಣ ಸತ್ತ ಹಾಗೆ ಆಗುತ್ತದಲ್ಲ, ಕೆಟ್ಟಿತಾ?

ಕೆಟ್ಟಿಲ್ಲ. ಗೇರ್ ಬದಲಾಗುತ್ತಿದೆ. ಹಳೇ ಬಸ್ ನೋಡುವುದರಲ್ಲಿ ಇದಕ್ಕಿಂತ ಚೆನ್ನಾದ ವಿಷಯ ಇಲ್ಲ ಅಂತ ನನ್ನ ಅಭಿಪ್ರಾಯ.

ಬ್ರಿಸ್ಟಲ್‌ನಂಥ ಬಸ್ಸುಗಳ ಗೇರ್ ಬಾಕ್ಸಿನಲ್ಲಿ ಹಲ್ಲುಗಳ ವೇಗ ಹೊಂದಿಸುವ ಸಾಧನ ಇಲ್ಲ. ಅದನ್ನು ಡ್ರೈವರ್ ಕಿವಿಯಿಂದ ಹೊಂದಿಸಬೇಕು. ಮೇಲಿನ ಗೇರಿಗೆ ಹೋಗುವಾಗ ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಎಂಜಿನ್ ನಿಧಾನವಾಗುವ ತನಕ ಕಾದು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ಗಾರ್ಡ್ನರ್ ಎಂಜಿನ್ ನಿಧಾನವಾಗಲು ತನ್ನದೇ ಸಮಯ ತೆಗೆದುಕೊಳ್ಳುತ್ತದೆ. ಆ ಕಾಯುವಿಕೆಯೇ ನಿಮಗೆ ಕೇಳುವ ಮೌನ. ಏರಿನಲ್ಲಿ ಕೆಳಗಿನ ಗೇರಿಗೆ ಬರುವಾಗ ಇದರ ಉಲ್ಟಾ. ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಸರಿಯಾದಷ್ಟು ಎತ್ತರಿಸಿ, ಆ ಕ್ಷಣಕ್ಕೇ ಗೇರ್ ಒಳಗೆ ಹಾಕಬೇಕು. ಕಾಯುತ್ತಾ ಕೂತರೆ ಬಸ್ಸು ಏರಿನಲ್ಲಿ ವೇಗ ಕಳೆದುಕೊಳ್ಳುತ್ತದೆ. ಅವಸರ ಮಾಡಿದರೆ ‘ಕರ್ರ್’ ಅಂತ ಇಡೀ ಊರಿಗೆ ಕೇಳುತ್ತದೆ. ಪೂರ್ತಿ ತಪ್ಪಿದರೆ ಏರಿನ ಮಧ್ಯೆ ನಿಂತು, ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರಿನಿಂದ ಮತ್ತೆ ಶುರು ಮಾಡಬೇಕು. ಗೇರ್ ಸದ್ದಿಲ್ಲದೆ ಬಿದ್ದಾಗ ಒಳಗಿನವರು ಚಪ್ಪಾಳೆ ತಟ್ಟುವುದೂ ಉಂಟು.

ಲಂಡನ್ನಿನ ಆರ್‌ಟಿ ಅನ್ನುವ ಡಬಲ್ ಡೆಕ್ಕರಿನಲ್ಲಿ ಈ ಪಾಡಿಲ್ಲ. ಅದರದ್ದು ಪ್ರೀಸೆಲೆಕ್ಟರ್. ಡ್ರೈವರ್ ಮುಂದಿನ ಗೇರನ್ನು ಮೊದಲೇ ಕಡ್ಡಿಯಲ್ಲಿ ಗೊತ್ತು ಮಾಡಿ ಇಟ್ಟಿರುತ್ತಾರೆ. ಬೇಕಾದಾಗ ಎಡಗಾಲಿನ ಪೆಡಲ್ ಒತ್ತಿದರೆ ಮುಗಿಯಿತು, ‘ಹಿಸ್’ ಅಂತ ಗಾಳಿ ಬಿಟ್ಟು ಗೇರ್ ಬದಲಾಗುತ್ತದೆ. ಊರೊಳಗೆ ನೂರಾರು ಸಲ ಗೇರ್ ಬದಲಿಸಬೇಕಾದ ಡ್ರೈವರಿಗೆ ಅದು ವರ. ಆಮೇಲೆ ಬಂದ ರೂಟ್‌ಮಾಸ್ಟರಿನಲ್ಲಿ ಕ್ಲಚ್ಚೇ ಇಲ್ಲ.

ಕೆಲವು ಬಸ್ಸಿನಲ್ಲಿ ‘ಏಳುವಾಗ ತಲೆ ಜೋಪಾನ’ ಅಂತ ಯಾಕೆ ಬರೆದಿದ್ದಾರೆ?

ಇಂಗ್ಲೆಂಡಿನ ಹಳ್ಳಿಗಳಲ್ಲಿ ತಗ್ಗಾದ ರೈಲು ಸೇತುವೆ ಜಾಸ್ತಿ. ಮಾಮೂಲಿ ಡಬಲ್ ಡೆಕ್ಕರ್ 14 ಅಡಿ 6 ಅಂಗುಲ ಎತ್ತರ, ಅದರಡಿ ತೂರುವುದಿಲ್ಲ. ಬಸ್ಸನ್ನು ಒಂದು ಅಡಿ ತಗ್ಗಿಸಲು ಒಂದು ಉಪಾಯ ಮಾಡಿದರು. ಮೇಲಿನ ಅಂತಸ್ತಿನ ಓಡಾಡುವ ದಾರಿಯನ್ನು ಮಧ್ಯದಿಂದ ಬಲಗಡೆಗೆ ತಂದು, ಕೆಳಕ್ಕೆ ಕಾಲುವೆ ಹಾಗೆ ಇಳಿಸಿದರು. ಮೇಲೆ ನಾಲ್ಕು ನಾಲ್ಕು ಜನ ಒಂದೇ ಬೆಂಚಿನಲ್ಲಿ. ಕಿಟಕಿ ಪಕ್ಕದವರು ಇಳಿಯಬೇಕಾದರೆ ಮೂವರೂ ಏಳಬೇಕು. ಆ ಕಾಲುವೆಯ ತಳ ಕೆಳಗಡೆ ಬಲಬದಿಯ ಸೀಟಿನವರ ತಲೆ ಮೇಲೆ ಉಬ್ಬಿಕೊಂಡಿರುತ್ತದೆ. ಅದಕ್ಕೇ ಆ ಬೋರ್ಡು. ಓದಿದ ಮೇಲೂ ಜನ ತಲೆ ಹೊಡೆಸಿಕೊಳ್ಳುತ್ತಾರೆ.

ಇದಕ್ಕೆ ಸರಿಯಾದ ಪರಿಹಾರ ಕೊಟ್ಟಿದ್ದು ಬ್ರಿಸ್ಟಲ್ ಕಂಪನಿಯ ಲೋಡೆಕ್ಕಾ. 1949ರಲ್ಲಿ ಮೊದಲ ಮಾದರಿ ಬಂತು. ಚಕ್ರಗಳಿಗೆ ಶಕ್ತಿ ಕೊಡುವ ದಂಡವನ್ನು ಒಂದು ಪಕ್ಕಕ್ಕೆ ಸರಿಸಿ, ಹಿಂದಿನ ಅಚ್ಚನ್ನು ಮಧ್ಯದಲ್ಲಿ ತಗ್ಗಿಸಿ, ಕೆಳಗಿನ ನೆಲವನ್ನೇ ಇಳಿಸಿಬಿಟ್ಟರು. 13 ಅಡಿ 6 ಅಂಗುಲದೊಳಗೆ ಎರಡೂ ಅಂತಸ್ತಿನಲ್ಲಿ ಮಧ್ಯದ ದಾರಿ. 5,000ಕ್ಕೂ ಹೆಚ್ಚು ಕಟ್ಟಿದರು. ಹಾಗಾಗಿ ರನ್ನಿಂಗ್ ಡೇಗಳಲ್ಲಿ ಇದು ಸಿಕ್ಕೇ ಸಿಗುತ್ತದೆ.

ಟಿಕೆಟ್ ಎಷ್ಟು?

ಒಂದೊಂದು ಕಡೆ ಒಂದೊಂದು ಪದ್ಧತಿ. ಕೆಲವು ಕಡೆ ದಿನದ ಟಿಕೆಟ್ ಇರುತ್ತದೆ. ಕೆಲವು ಕಡೆ ವೇಳಾಪಟ್ಟಿ ಇರುವ ಪುಸ್ತಕ ಕೊಂಡರೆ ಸವಾರಿ ಪುಕ್ಕಟೆ. ಇನ್ನು ಕೆಲವು ಕಡೆ ಡಬ್ಬಿ ಇಟ್ಟಿರುತ್ತಾರೆ, ನಿಮ್ಮ ಮನಸ್ಸಿಗೆ ಬಂದಷ್ಟು. ಡಬ್ಬಿ ಇರುವ ಕಡೆ ಕೈ ಬಿಗಿ ಹಿಡಿಯಬೇಡಿ, ಒಂದು ಟೈರಿನ ಬೆಲೆ ಕೇಳಿದರೆ ನಿಮಗೇ ಪಾಪ ಅನ್ನಿಸುತ್ತದೆ. ಹಿರಿಯರ ಉಚಿತ ಪಾಸು ಸಾಮಾನ್ಯವಾಗಿ ನಡೆಯುವುದಿಲ್ಲ. ಚಿಲ್ಲರೆ ಇಟ್ಟುಕೊಳ್ಳಿ.

ಪುಕ್ಕಟೆ ಇದ್ದರೂ ಕಂಡಕ್ಟರ್ ಟಿಕೆಟ್ ಕೊಟ್ಟರೆ ತೆಗೆದುಕೊಳ್ಳಿ. ಲಂಡನ್ನಿನ ಬಸ್ಸಾದರೆ ಗಿಬ್ಸನ್ ಅನ್ನುವ ಯಂತ್ರ ಇರುತ್ತದೆ. ಹೊಟ್ಟೆ ಮೇಲೆ ನೇತುಹಾಕಿಕೊಂಡು ಹಿಡಿ ತಿರುಗಿಸಿದರೆ ಕಾಗದದ ಸುರುಳಿ ಮೇಲೆ ಟಿಕೆಟ್ ಅಚ್ಚಾಗಿ ಬರುತ್ತದೆ. 1953ರಿಂದ 1993ರವರೆಗೆ ಬಳಕೆಯಲ್ಲಿತ್ತು. ಅದಕ್ಕಿಂತ ಹಳೆಯದು ಬೆಲ್ ಪಂಚ್. ಮೊದಲೇ ಅಚ್ಚಾದ ಬಣ್ಣದ ಟಿಕೆಟ್ಟಿಗೆ ತೂತು ಹೊಡೆದಾಗ ‘ಟಿಂಗ್’ ಅನ್ನುತ್ತದೆ.

ಗಂಟೆ ಎಷ್ಟು ಸಲ ಬಾರಿಸಬೇಕು?

ನೀವು ಬಾರಿಸಬೇಕಾದರೆ ಒಂದೇ ಸಲ, ಅದೂ ಇಳಿಯುವುದಕ್ಕೆ. ಎರಡು ಸಲ ಅಂದರೆ ಹೊರಡು, ಅದು ಕಂಡಕ್ಟರಿಗೆ ಬಿಟ್ಟದ್ದು. ಮೂರು ಅಂದರೆ ಬಸ್ ತುಂಬಿದೆ, ಮುಂದಿನ ಸ್ಟಾಪಿನಲ್ಲಿ ನಿಲ್ಲಿಸಬೇಡ. ನಾಲ್ಕು ಅಂದರೆ ತುರ್ತು. ನಮ್ಮ ಕೆಂಪು ಬಸ್ಸಿನ ಕಂಡಕ್ಟರ್ ಒಂದು ಸಲ ಸೀಟಿ ಊದಿ ನಿಲ್ಲಿಸಿ ಎರಡು ಸಲ ಊದಿ ಹೊರಡಿಸುವುದು ನೋಡಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನಮ್ಮ ಅಶೋಕ್ ಲೇಲ್ಯಾಂಡಿಗೂ ಅಲ್ಲಿಯ ಲೇಲ್ಯಾಂಡಿಗೂ ಸಂಬಂಧ ಇದೆಯಾ?

ಇದೆ. ಲೇಲ್ಯಾಂಡ್ ಅನ್ನುವುದು ಲ್ಯಾಂಕಾಶೈರ್‌ನ ಒಂದು ಊರು, ಕಂಪನಿ ಹುಟ್ಟಿದ್ದು ಅಲ್ಲೇ. ಮದರಾಸಿನಲ್ಲಿ 1948ರಲ್ಲಿ ಶುರುವಾದ ಅಶೋಕ್ ಮೋಟರ್ಸಿಗೆ ಆ ಕಂಪನಿ ಬಂಡವಾಳ ಹಾಕಿದ್ದರಿಂದ 1955ರಲ್ಲಿ ಅದು ಅಶೋಕ್ ಲೇಲ್ಯಾಂಡ್ ಆಯಿತು. ಅಲ್ಲಿಯ ಟೈಟನ್ ಡಬಲ್ ಡೆಕ್ಕರಿನ ಹೆಸರು ಇಲ್ಲಿಗೂ ಬಂತು. ಹಳೇ ಸರ್ಕಾರಿ ಬಸ್ಸುಗಳಲ್ಲಿ ಓಡಾಡಿದವರು ಅಲ್ಲಿ ಹಳೇ ಲೇಲ್ಯಾಂಡ್ ಹತ್ತಿದರೆ ಸದ್ದಿನಲ್ಲಿ ಏನೋ ಪರಿಚಯ ಸಿಗುತ್ತದೆ. ಲೇಲ್ಯಾಂಡ್ ಊರಿನಲ್ಲಿ ಲಾರಿ ಬಸ್ಸುಗಳ ಮ್ಯೂಸಿಯಮ್ಮೂ ಇದೆ.

ಗಾಲಿಕುರ್ಚಿ ಇರುವವರು, ಮಂಡಿ ನೋವಿನವರು ಹತ್ತಬಹುದಾ?

ಇಲ್ಲಿ ನೇರವಾಗಿ ಹೇಳಬೇಕು: ಹೆಚ್ಚಿನ ಹಳೇ ಬಸ್ಸಿಗೆ ಗಾಲಿಕುರ್ಚಿ ಹತ್ತುವುದಿಲ್ಲ. 2000ನೇ ಇಸವಿಯ ನಿಯಮ ಮಾಮೂಲಿ ಬಸ್ಸುಗಳಿಗೆ ಹಂತ ಹಂತವಾಗಿ ಆ ಸೌಲಭ್ಯ ಕಡ್ಡಾಯ ಮಾಡಿತು. 20 ವರ್ಷಕ್ಕಿಂತ ಹಳೇ ಬಸ್ಸು ವರ್ಷಕ್ಕೆ 20 ದಿನ ಮೀರದೆ ಓಡಿದರೆ ವಿನಾಯಿತಿ ಇದೆ. ಕೆಲವು ಕಡೆ ಜೊತೆಗೆ ಒಂದು ಹೊಸ ಬಸ್ಸನ್ನೂ ಬಿಡುತ್ತಾರೆ. ಮೊದಲೇ ಕೇಳಿಕೊಂಡು ಹೋಗಿ. ಮಂಡಿ ನೋವಿನವರಿಗೆ ಹಿಂದೆ ತೆರೆದ ಮೆಟ್ಟಿಲಿರುವ ಲಂಡನ್ ಬಸ್ಸು ಪರವಾಗಿಲ್ಲ. ಹಳೇ ಕೋಚುಗಳ (ದೂರದ ಪ್ರವಾಸದ ಬಸ್ಸುಗಳ) ಮೆಟ್ಟಿಲು ಕಡಿದು.

ಮಕ್ಕಳಿಗೆ ಬೇಜಾರಾಗಲ್ವಾ?

ಮೊದಲ ಒಂದು ಗಂಟೆ ಆಗುವುದಿಲ್ಲ. ಆಮೇಲೆ ಐಸ್‌ಕ್ರೀಮ್ ಬೇಕು. ಹಿಂದಿನ ತೆರೆದ ಬಾಗಿಲಿನ ಹತ್ತಿರ ಕೈ ಬಿಡಬೇಡಿ, ಅಷ್ಟೇ.

ಏನು ತೆಗೆದುಕೊಂಡು ಹೋಗಬೇಕು?

ಸ್ವೆಟರ್, ಆಗಸ್ಟ್‌ನಲ್ಲೂ. ಹೀಟರ್ ಅನ್ನುವುದು ತೀರಾ ಹಳೇ ಬಸ್ಸುಗಳಲ್ಲಿ ಅಪರೂಪ. ಮಳೆ ಬಂದರೆ ಚಾವಣಿ ಸೋರುವ ಬಸ್ಸುಗಳೂ ಇವೆ. ಊಟ ಕಟ್ಟಿಕೊಂಡು ಹೋಗಿ, ಸಸ್ಯಾಹಾರಿಗಳಂತೂ ತಪ್ಪದೆ. ಹಳ್ಳಿ ಸಭಾಂಗಣಗಳಲ್ಲಿ ಊರ ಹೆಂಗಸರು ಕೇಕು, ಚಹಾ ಇಟ್ಟಿರುತ್ತಾರೆ, ಚೆನ್ನಾಗಿರುತ್ತದೆ. ಆದರೆ ಚಿತ್ರಾನ್ನದ ಡಬ್ಬಿಗೆ ಅದು ಸಮ ಅಲ್ಲ. ಬಸ್ಸಿನಲ್ಲಿ ಶೌಚಾಲಯ ಇಲ್ಲ, ಹಳ್ಳಿಗಳಲ್ಲೂ ಕಡಿಮೆ. ಮೊಬೈಲ್ ಸಿಗ್ನಲ್ ನಂಬಬೇಡಿ, ವೇಳಾಪಟ್ಟಿ ಕಾಗದದಲ್ಲಿ ಇರಲಿ.

ದಾರಿಯಲ್ಲಿ ಕೆಟ್ಟು ನಿಂತರೆ?

ನಿಲ್ಲುತ್ತವೆ. ಅಲ್ಲಿ ಯಾರಿಗೂ ಸಿಟ್ಟು ಬರುವುದಿಲ್ಲ, ಅರ್ಧ ಪ್ರಯಾಣಿಕರು ಇಳಿದು ಎಂಜಿನ್ ಮುಚ್ಚಳದ ಸುತ್ತ ಸೇರಿ ಸಲಹೆ ಕೊಡಲು ಶುರು ಮಾಡುತ್ತಾರೆ. ಹಿಂದಿನಿಂದ ಬಂದ ಬಸ್ಸು ನಿಮ್ಮನ್ನು ಹತ್ತಿಸಿಕೊಳ್ಳುತ್ತದೆ. ಆದರೆ ಒಂದು ಮಾತು: ಮೂಲೆ ಹಳ್ಳಿಯಿಂದ ಕೊನೇ ಬಸ್ಸಿಗೆ ಕಾಯಬೇಡಿ. ಅದಕ್ಕೆ ಹಿಂದಿನದ್ದನ್ನು ಹಿಡಿಯಿರಿ. ಕೊನೆಯದು ಬರದಿದ್ದರೆ ಟ್ಯಾಕ್ಸಿಯೂ ಸಿಗುವುದಿಲ್ಲ.

ಫೋಟೋ ತೆಗೆಯಬಹುದಾ?

ಧಾರಾಳವಾಗಿ. ರಸ್ತೆ ಮಧ್ಯೆ ನಿಲ್ಲಬೇಡಿ. ಬಸ್ಸಿಗೆ ಅಡ್ಡ ನಿಂತರೆ ಹಿಂದಿನಿಂದ ಯಾರೋ ತಾತ ಗೊಣಗುತ್ತಾರೆ, ಅವರು ಬೆಳಗ್ಗೆಯಿಂದ ಅದೇ ತಿರುವಿನಲ್ಲಿ ಕ್ಯಾಮೆರಾ ಹಿಡಿದು ಕಾಯುತ್ತಿರುತ್ತಾರೆ. ಡ್ರೈವರ್ ಗೂಡಿನೊಳಗೆ ಕೂರಬೇಕು ಅನ್ನಿಸಿದರೆ ಬಸ್ಸು ನಿಂತಾಗ ಕೇಳಿ. ಮಕ್ಕಳಿಗೆ ಹೆಚ್ಚಾಗಿ ಇಲ್ಲ ಅನ್ನುವುದಿಲ್ಲ.

ಇಷ್ಟು ಹೊಗೆ ಉಗುಳುವುದನ್ನು ಓಡಿಸುವುದು ಸರಿಯಾ?

ನ್ಯಾಯವಾದ ಪ್ರಶ್ನೆ. ಹಳೇ ಡೀಸೆಲ್ ಎಂಜಿನ್ ಹೊಗೆ ಬಿಡುತ್ತದೆ, ಅದನ್ನು ಮುಚ್ಚಿಡಲು ಆಗಲ್ಲ. ಈ ಬಸ್ಸುಗಳು ವರ್ಷದಲ್ಲಿ ಕೆಲವೇ ದಿನ ಹೊರಗೆ ಬರುತ್ತವೆ ಅನ್ನುವುದು ಒಂದು ಸಮಾಧಾನ. ನನ್ನ ಮಟ್ಟಿಗೆ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಅಲ್ಲಿಗೆ ಕಾರಿನಲ್ಲಿ ಹೋಗುವುದಿಲ್ಲ. ಬಸ್ಸಿನ ಹಬ್ಬಕ್ಕೆ ಕಾರಿನಲ್ಲಿ ಹೋಗುವುದು ಹೇಗಿದ್ದರೂ ಸರಿ ಕಾಣುವುದಿಲ್ಲ. ವಾರ್ಮಿನ್‌ಸ್ಟರ್, ಎಪ್ಪಿಂಗ್, ಕರ್ಕ್‌ಬಿ ಸ್ಟೀಫನ್ ಎಲ್ಲಕ್ಕೂ ರೈಲಿದೆ. ಕರ್ಕ್‌ಬಿ ಸ್ಟೀಫನ್ ನಿಲ್ದಾಣ ಮಾತ್ರ ಪೇಟೆಯಿಂದ ಒಂದು ಮೈಲಿಗಿಂತ ದೂರ, ನಡೆಯಲು ತಯಾರಿರಿ.

ನನಗೂ ಓಡಿಸಬೇಕು ಅನ್ನಿಸಿದರೆ?

ಪ್ರಯಾಣಿಕರನ್ನು ಕೂರಿಸಿಕೊಂಡು ಓಡಿಸಲು ದೊಡ್ಡ ಬಸ್ಸಿನ ಲೈಸೆನ್ಸ್ ಬೇಕು, ಅದರ ಮೇಲೆ ಆ ಗೇರ್ ಬಾಕ್ಸನ್ನು ಪಳಗಿಸುವ ತಾಳ್ಮೆ ಬೇಕು. ಆದರೆ ಬಸ್ ಮ್ಯೂಸಿಯಮ್ಮುಗಳಿಗೆ ಸ್ವಯಂಸೇವಕರು ಯಾವಾಗಲೂ ಸಾಲದು. ವೇಬ್ರಿಜ್ ಬಳಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿರುವ ಲಂಡನ್ ಬಸ್ ಮ್ಯೂಸಿಯಮ್ಮಿರಲಿ, ರೈಡ್‌ನದ್ದಿರಲಿ, ಹೋಗಿ ಕೇಳಿದರೆ ಕೆಲಸ ಕೊಡುತ್ತಾರೆ. ಮೊದಲ ದಿನ ಕೈಗೆ ಬರುವುದು ಸ್ಟೇರಿಂಗ್ ಅಲ್ಲ, ಬಕೆಟ್ಟು ಮತ್ತು ಒರೆಸುವ ಬಟ್ಟೆ. ಕಂಡಕ್ಟರ್ ಚೀಲ ಸಿಗುವುದು ಅದಾದ ಮೇಲೆ.